ಮಣಿಗೆ ಕಟ್ಟಿದ ವೇಗವರ್ಧಕ

ಕನ್ನಡ ಪಂಡಿತನು ರಸಾಯನಶಾಸ್ತ್ರವನ್ನು ಕುರಿತು ಲೇಖನಿ ಹಿಡಿದರೆ ಈ ಸಂಚಿಕೆಯ ವಾಚಕರಲ್ಲಿ ಕೆಲವರಾದರೂ ಹುಬ್ಬೇರಿಸದಿರಲಾರರು. ಛಂದಸ್ಸು, ಅಲಂಕಾರ, ಹಳಗನ್ನಡ ವ್ಯಾಕರಣಗಳಲ್ಲಿ ಆಯುಷ್ಯವನ್ನು ಸವೆಸಿದವನಿಗೆ ಗಾಜಿನ ನಳಿಗೆಯ ಗೊಡವೆಯೇಕೆ ಎಂಬ ಪ್ರಶ್ನೆ ನ್ಯಾಯವಾದುದೇ. ಅದಕ್ಕೆ ನನ್ನ ಸಮಾಧಾನವಿಷ್ಟೆ: ನಮ್ಮ ಶಾಲೆಯ ವಿಜ್ಞಾನದ ಉಪಾಧ್ಯಾಯರು ಪಾಠಟಿಪ್ಪಣಿಗಳನ್ನು ಬರೆದ ಮೇಲೆ ಭಾಷೆಯನ್ನು ತಿದ್ದಿಕೊಡಿರೆಂದು ನನ್ನ ಮೇಜಿನ ಮೇಲಿಟ್ಟು ಹೋಗುವುದು ರೂಢಿ. ಶಬ್ದವನ್ನು ತಿದ್ದಬೇಕಾದರೆ ಅರ್ಥವನ್ನು ತಿಳಿಯಬೇಕು. ಅರ್ಥವನ್ನು ತಿಳಿಯ ಹೊರಟರೆ ಶಾಸ್ತ್ರದ ಹೊಸ್ತಿಲನ್ನು ದಾಟಲೇಬೇಕು. ಹೀಗೆ ದಾಟುತ್ತ ದಾಟುತ್ತ ಒಳಮನೆಯ ಒಂದೆರಡು ವಸ್ತುಗಳ ಪರಿಚಯ ನನಗೂ ಆಗಿದೆ. ಅವುಗಳಲ್ಲೊಂದಾದ, ಪಾಲಿಮರಿನ ಮಣಿಗಳಿಗೆ ಕಟ್ಟಿ ಮತ್ತೆ ಮತ್ತೆ ಬಳಸುವ ವೇಗವರ್ಧಕವನ್ನು ಕುರಿತು ನಾಲ್ಕು ಮಾತುಗಳನ್ನು ಇಲ್ಲಿ ನಿವೇದಿಸುತ್ತೇನೆ.

ಮೊದಲು ಶಬ್ದದ ವಿಚಾರ. ರಾಸಾಯನಿಕ ಕ್ರಿಯೆಯೊಂದನ್ನು ತ್ವರೆಗೊಳಿಸಿ, ತಾನು ಮಾತ್ರ ಅದರಲ್ಲಿ ವ್ಯಯವಾಗದೆ ಉಳಿಯುವ ವಸ್ತುವಿಗೆ ನಮ್ಮ ಪಠ್ಯಪುಸ್ತಕಗಳು ವೇಗವರ್ಧಕವೆಂಬ ಹೆಸರನ್ನಿಟ್ಟಿವೆ. ಕ್ರಿಯಾವರ್ಧಕವೆಂದು ಬರೆಯುವವರೂ ಉಂಟು. ಹೆಸರು ತಕ್ಕಮಟ್ಟಿಗೆ ಚೆನ್ನಾಗಿದೆಯಾದರೂ ಅದು ವಸ್ತುವಿನ ಫಲವನ್ನು ಹೇಳುತ್ತದೆಯೇ ಹೊರತು ಸ್ವಭಾವವನ್ನು ಹೇಳುವುದಿಲ್ಲ. ಸ್ವೀಡನ್ ದೇಶದ ಬರ್ಜೀಲಿಯಸ್ ಎಂಬ ಮಹಾಶಯನು 1835ರಲ್ಲಿ ಗ್ರೀಕ್ ಭಾಷೆಯ ಎರಡು ಪದಗಳನ್ನು ಕೂಡಿಸಿ ‘ಕೆಟಾಲಿಸಿಸ್’ ಎಂಬ ಶಬ್ದವನ್ನು ಟಂಕಿಸಿದನು. ‘ಕೆಳಕ್ಕೆ ಸಡಿಲಿಸುವುದು’ ಎಂಬುದು ಅದರ ಅವಯವಾರ್ಥ. ಜಪಾನೀಯರು ಇದೇ ವಸ್ತುವನ್ನು ‘ಶೊಕುಬೈ’ ಎನ್ನುತ್ತಾರೆ. ಅದನ್ನು ಬರೆಯುವ ಎರಡು ಚಿಹ್ನೆಗಳಲ್ಲಿ ಮೊದಲನೆಯದು ಸ್ಪರ್ಶವನ್ನೂ, ಎರಡನೆಯದು ವಧೂವರರ ಮನೆಗಳ ನಡುವೆ ಮಾತು ನಡೆಸುವ ಮಧ್ಯಸ್ಥನನ್ನೂ ಸೂಚಿಸುತ್ತದೆ. ಈ ಹೆಸರು ನನಗೆ ಬಹಳ ಹಿಡಿಸಿತು. ನಮ್ಮ ಕಡೆಯ ಮದುವೆಯ ಮಧ್ಯಸ್ಥನೂ ಹಾಗೆಯೇ ಅಲ್ಲವೆ? ಎರಡು ಮನೆಗಳನ್ನು ಸೇರಿಸುತ್ತಾನೆ. ಸಂಬಂಧ ಕುದುರಿದ ಮೇಲೆ ಊಟ ಮುಗಿಸಿ, ಕೊಡೆ ಹಿಡಿದು ಮುಂದಿನ ಊರಿಗೆ ನಡೆಯುತ್ತಾನೆ.

ಸೋಜಿಗದ ಸಂಗತಿಯೆಂದರೆ, ಪಾಲಿಮರ್ ಎಂಬ ಶಬ್ದದ ಮೂಲವೂ ಇದೇ ಬರ್ಜೀಲಿಯಸನ ಟಂಕಸಾಲೆಯೇ. 1830ರ ದಶಕದ ಆರಂಭದಲ್ಲಿಯೇ ಅವನು ಅದನ್ನು ಬಳಕೆಗೆ ತಂದನು. ‘ಪಾಲಿ’ ಎಂದರೆ ಬಹು, ‘ಮೆರೋಸ್’ ಎಂದರೆ ಅಂಶ. ಅವನು ಕೊಟ್ಟ ಅರ್ಥ ಬೇರೆಯಿತ್ತು. ಸಣ್ಣ ಸಣ್ಣ ಅಣುಗಳು ಸರಪಣಿಯ ಕೊಂಡಿಗಳಂತೆ ಬೆಸೆದು ಮಹಾಣುವಾಗುತ್ತವೆ ಎಂಬ ಇಂದಿನ ಅರ್ಥ ಜರ್ಮನಿಯ ಸ್ಟೌಡಿಂಗರನು 1920ರಲ್ಲಿ ವಾದಿಸಿದ ಮೇಲೆ ಕ್ರಮೇಣ ನೆಲೆಗೊಂಡಿತು. ಒಬ್ಬನೇ ತಂದೆಯ ಈ ಎರಡು ಶಬ್ದಗಳು ನೂರು ವರ್ಷಕ್ಕೂ ಮಿಗಿಲಾಗಿ ಬೇರೆ ಬೇರೆ ಮನೆಗಳಲ್ಲಿ ಬಾಳಿ, ಕೊನೆಗೆ ಗಸಗಸೆಯಷ್ಟು ಸಣ್ಣದೊಂದು ಮಣಿಯಲ್ಲಿ ಒಟ್ಟುಗೂಡಿದವು.

ಇನ್ನು ಪ್ರಕೃತಕ್ಕೆ ಬರೋಣ. ಹತ್ತನೆಯ ತರಗತಿಗೆ ಲಕ್ಷಣವಾಕ್ಯ ರಚಿಸುವುದು ಹೇಗೆಂದು ನಾನು ಹೇಳಿಕೊಡುತ್ತಿದ್ದೆ. ಲಕ್ಷಣಕ್ಕೆ ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವ ಎಂಬ ಮೂರು ದೋಷಗಳಿರಬಾರದೆಂದು ವಿವರಿಸಿ, ತಮ್ಮ ತಮ್ಮ ವಿಷಯಪುಸ್ತಕಗಳಿಂದ ಒಂದೊಂದು ಲಕ್ಷಣವನ್ನು ಓದಿರೆಂದೆ. ಒಬ್ಬ ಹುಡುಗಿ ವೇಗವರ್ಧಕದ ಲಕ್ಷಣವನ್ನು ಓದಿದಳು, ಓದಿ ಕುಳಿತುಕೊಳ್ಳದೆ, “ಗುರುಗಳೆ, ಕೊನೆಗೂ ಬದಲಾಗದೆ ಉಳಿಯುವುದಾದರೆ ಒಂದು ಸಲ ತಂದರೆ ಸಾಲದೆ? ಕಾರ್ಖಾನೆಯವರು ಮತ್ತೆ ಮತ್ತೆ ಏಕೆ ತರಿಸುತ್ತಾರೆ?” ಎಂದು ಕೇಳಿದಳು. ಅವಳ ತಂದೆ ಲಾರಿಯಲ್ಲಿ ಆಮ್ಲದ ಕ್ಯಾನುಗಳನ್ನು ಸಾಗಿಸುವವನು. ಆದುದರಿಂದ ಅದು ಪುಸ್ತಕದ ಪ್ರಶ್ನೆಯಾಗಿರಲಿಲ್ಲ.

ಲಕ್ಷಣದಲ್ಲಿ ದೋಷವಿರಲಿಲ್ಲ. ಆದರೆ ಅದರಲ್ಲಿರುವ ‘ಉಳಿಯುತ್ತದೆ’ ಎಂಬ ಕ್ರಿಯಾಪದವೊಂದು ನಮ್ಮ ಕಣ್ಣಿಗೆ ಮಣ್ಣೆರಚುತ್ತದೆ. ಉಳಿಯುವುದು ಬೇರೆ, ಉಳಿದುದು ಕೈಗೆ ದೊರೆಯುವುದು ಬೇರೆ. ಆಲ್ಕೊಹಾಲನ್ನೂ ಕಾರ್ಬನಿಕ ಆಮ್ಲವೊಂದನ್ನೂ ಬೆರೆಸಿ ಸುಗಂಧದ ಎಸ್ಟರನ್ನು ತಯಾರಿಸುವಾಗ ಕೆಲವು ತೊಟ್ಟು ಗಂಧಕಾಮ್ಲವನ್ನು ಹಾಕುತ್ತಾರೆ. ಕ್ರಿಯೆ ಮುಗಿದ ಮೇಲೆಯೂ ಆ ಗಂಧಕಾಮ್ಲ ಅಷ್ಟೂ ಅಲ್ಲಿಯೇ ಇರುತ್ತದೆ. ಇದ್ದು ಫಲವೇನು? ಎಸ್ಟರಿನೊಡನೆ ಏಕರಸವಾಗಿ ಬೆರೆತಿರುವ ಅದನ್ನು ತೆಗೆಯುವುದು ಹೇಗೆ? ಸೋಡಾ ದ್ರಾವಣದಿಂದ ತೊಳೆಯುತ್ತಾರೆ. ಆಮ್ಲ ಲವಣವಾಗಿ ಚರಂಡಿಗೆ ಹರಿಯುತ್ತದೆ. ಕ್ರಿಯೆಯಲ್ಲಿ ಸಾಯದ ವೇಗವರ್ಧಕ ತೊಳೆಯುವಾಗ ಸಾಯುತ್ತದೆ. ಗಂಧಕಾಮ್ಲವಾದರೋ ಅಗ್ಗದ ಸರಕು. ರೋಡಿಯಂ, ಪೆಲಾಡಿಯಂಗಳಂತಹ ದುರ್ಲಭ ಲೋಹಗಳನ್ನು ಹೀಗೆ ಕಳೆದುಕೊಳ್ಳುವುದು ಯಾರಿಗೆ ತಾನೆ ಸಹ್ಯವಾದೀತು? ರೋಜರ್ ಶೆಲ್ಡನ್ ಎಂಬ ರಸಾಯನವಿಜ್ಞಾನಿ 1992ರಲ್ಲಿ ಒಂದು ಲೆಕ್ಕವನ್ನು ಮುಂದಿಟ್ಟನು. ಒಂದು ಕಿಲೋಗ್ರಾಂ ಔಷಧದ್ರವ್ಯವನ್ನು ತಯಾರಿಸುವಾಗ ಹೊರಬೀಳುವ ಕಸ 25ರಿಂದ 100 ಕಿಲೋಗ್ರಾಂ, ಒಮ್ಮೊಮ್ಮೆ ಅದಕ್ಕಿಂತಲೂ ಹೆಚ್ಚು. ಹೀಗೆ ತೊಳೆದು ಚೆಲ್ಲುವ ಲವಣಗಳ ಪಾಲು ಅದರಲ್ಲಿ ಅಲ್ಪವಲ್ಲ.

ತರ್ಕಶಾಸ್ತ್ರವನ್ನು ಓದಿದವರಿಗೆ ಈ ತೊಡಕು ಬೇಗ ಅರ್ಥವಾಗುತ್ತದೆ. ಗಡಿಗೆಗೆ ಮಣ್ಣು ಸಮವಾಯಿಕಾರಣ. ಕುಂಬಾರನ ದಂಡಚಕ್ರಗಳು ನಿಮಿತ್ತಕಾರಣ. ಮಣ್ಣು ಗಡಿಗೆಯಲ್ಲಿ ಸೇರಿಹೋಗುತ್ತದೆ, ದಂಡ ಹೊರಗೆ ಉಳಿದು ಮುಂದಿನ ಗಡಿಗೆಗೆ ಒದಗುತ್ತದೆ. ವೇಗವರ್ಧಕವೂ ನಿಮಿತ್ತಕಾರಣವೇ. ಆದರೆ ದ್ರಾವಣದಲ್ಲಿ ಕರಗಿದ ವೇಗವರ್ಧಕವೆಂದರೆ, ಕುಂಬಾರನು ತನ್ನ ದಂಡವನ್ನೇ ಪುಡಿಮಾಡಿ ಮಣ್ಣಿನಲ್ಲಿ ಕಲಸಿದಂತೆ. ಗಡಿಗೆಯೇನೋ ಆಗುತ್ತದೆ, ದಂಡವನ್ನು ಮರಳಿ ಪಡೆಯಬೇಕಾದರೆ ಗಡಿಗೆಯನ್ನು ಅರೆಯಬೇಕು. ಪಾಣಿನೀಯದಲ್ಲಿ ‘ಇತ್’ ಎಂಬ ವರ್ಣಗಳುಂಟು. ಅವು ತಮ್ಮ ಕಾರ್ಯವನ್ನು ಮಾಡಿಸಿ ಲೋಪಹೊಂದುತ್ತವೆ. ವ್ಯಾಕರಣದಲ್ಲಿ ಆ ಲೋಪ ಭೂಷಣ. ರಸಾಯನಶಾಲೆಯಲ್ಲಿ ಅದು ನಷ್ಟ.

ದಂಡವನ್ನು ಮಣ್ಣಿನಿಂದ ಹೊರಗಿಡುವ ಉಪಾಯವೇ ಮಣಿ. ಬಯಲುಸೀಮೆಯ ಕೊಳವೆಬಾವಿಗಳ ಗಡಸುನೀರನ್ನು ಮೃದುಗೊಳಿಸಲು ಈಗ ಎಷ್ಟೋ ಮನೆಗಳಲ್ಲಿಯೂ ವಿದ್ಯಾರ್ಥಿನಿಲಯಗಳಲ್ಲಿಯೂ ಉದ್ದನೆಯ ಸಿಲಿಂಡರುಗಳನ್ನು ನಿಲ್ಲಿಸಿರುವುದನ್ನು ವಾಚಕರು ನೋಡಿರಬಹುದು. ಅದರೊಳಗೆ ತುಂಬಿರುವ ಜೇನುಬಣ್ಣದ ಕಾಳುಗಳೇ ಈ ಮಣಿಗಳ ಹತ್ತಿರದ ಬಂಧುಗಳು. ಸ್ಟೈರೀನ್ ಎಂಬ ದ್ರವವನ್ನು ಸರಪಣಿಯಾಗಿ ಬೆಸೆದರೆ ಪಾಲಿಸ್ಟೈರೀನ್ ಆಗುತ್ತದೆ. ಅದು ಕೆಲವು ದ್ರಾವಕಗಳಲ್ಲಿ ಕರಗುತ್ತದೆ. ಬೆಸೆಯುವಾಗಲೇ ಡೈವಿನೈಲ್ ಬೆಂಜೀನ್ ಎಂಬ ಇನ್ನೊಂದು ದ್ರವವನ್ನು ನೂರಕ್ಕೆ ಒಂದೆರಡು ಪಾಲಿನಷ್ಟು ಸೇರಿಸಿದರೆ, ಸರಪಣಿ ಸರಪಣಿಗಳ ನಡುವೆ ಅಡ್ಡಹೊಲಿಗೆಗಳು ಬಿದ್ದು ಬಲೆಯಾಗುತ್ತದೆ. ಬಲೆ ಕರಗಲಾರದು, ಉಬ್ಬಬಲ್ಲುದು. ಪಾನಕದಲ್ಲಿ ಹಾಕಿದ ಕಾಮಕಸ್ತೂರಿಯ ಬೀಜವನ್ನು ನೆನೆಯಿರಿ. ಟಾಲ್ವೀನಿನಂತಹ ದ್ರಾವಕದಲ್ಲಿ ಈ ಮಣಿಯೂ ಹಾಗೆಯೇ ಉಬ್ಬಿ, ದ್ರವವನ್ನು ತನ್ನೊಳಗೆ ಬಿಟ್ಟುಕೊಳ್ಳುತ್ತದೆ. ಮಿಥನಾಲಿನಲ್ಲಿ ಹಾಕಿದರೆ ಮತ್ತೆ ಕುಗ್ಗುತ್ತದೆ. ಬಲೆಯ ಕಣ್ಣುಕಣ್ಣಿಗೂ ಬೇಕಾದ ರಾಸಾಯನಿಕ ಗುಂಪನ್ನು ಕಟ್ಟಬಹುದು. ಗಂಧಕಾಮ್ಲದ ಅಂಶವನ್ನು ಕಟ್ಟಿದರೆ ಮಣಿಯೇ ಘನರೂಪದ ಆಮ್ಲವಾಗುತ್ತದೆ. ಅದರ ಜಲಜನಕದ ಬದಲು ಸೋಡಿಯಂ ಕೂರಿಸಿದರೆ ನೀರು ಮೃದುಗೊಳಿಸುವ ಕಾಳಾಗುತ್ತದೆ. ಅಯಾನುಗಳನ್ನು ವಿನಿಮಯ ಮಾಡುವ ಕೃತಕ ರಾಳವನ್ನು ಇಂಗ್ಲೆಂಡಿನ ಆಡಮ್ಸ್ ಮತ್ತು ಹೋಮ್ಸ್ ಎಂಬಿಬ್ಬರು 1935ರಲ್ಲಿ ಪ್ರಕಟಿಸಿದರು. ಪಾಲಿಸ್ಟೈರೀನಿನ ಮಣಿಗಳು 1940ರ ದಶಕದಲ್ಲಿ ಬಂದವು.

ಆದರೆ ಈ ಮಣಿಯ ಮಹಿಮೆಯನ್ನು ಲೋಕಕ್ಕೆ ತೋರಿಸಿಕೊಟ್ಟವನು ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ಬ್ರೂಸ್ ಮೆರಿಫೀಲ್ಡ್. ಅವನ ಕಥೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಲು ವಾಚಕರ ಅಪ್ಪಣೆಯನ್ನು ಬೇಡುತ್ತೇನೆ, ಏಕೆಂದರೆ ನನ್ನಂತಹ ಹೊರಗಿನವನಿಗೂ ಅದರ ಸರಳತೆ ಬೆರಗುಗೊಳಿಸಿತು. ಅಮೈನೋ ಆಮ್ಲಗಳನ್ನು ಒಂದರ ಮುಂದೊಂದು ಪೋಣಿಸಿ ಪೆಪ್ಟೈಡ್ ಎಂಬ ಮಾಲೆಯನ್ನು ಕಟ್ಟುವುದು ಅವನ ಕೆಲಸ. ಒಂದೊಂದು ಹೂವನ್ನು ಪೋಣಿಸಿದ ಮೇಲೂ ಮಾಲೆಯನ್ನು ಉಳಿದ ಕಸಕಡ್ಡಿಗಳಿಂದ ಬೇರ್ಪಡಿಸಿ ಶುದ್ಧಿಮಾಡಬೇಕು. ಆ ಶುದ್ಧಿಯಲ್ಲಿಯೇ ತಿಂಗಳುಗಳು ಕಳೆಯುತ್ತಿದ್ದುವು, ಮಾಲೆಯೂ ಸವೆಯುತ್ತಿತ್ತು. 1959ರಲ್ಲಿ ಅವನಿಗೆ ಹೊಳೆದ ಯುಕ್ತಿ ಇದು: ಮಾಲೆಯ ಒಂದು ತುದಿಯನ್ನು ಕರಗದ ಮಣಿಗೆ ಕಟ್ಟಿಬಿಟ್ಟರೆ? ಆಗ ಪ್ರತಿಸಲವೂ ಹೊಸ ಅಮೈನೋ ಆಮ್ಲವನ್ನು ಧಾರಾಳವಾಗಿ ಸುರಿದು, ಸೇರದೆ ಉಳಿದುದನ್ನೆಲ್ಲ ತೊಳೆದು ಸೋಸಿಬಿಡಬಹುದು. ಮಾಲೆ ಮಣಿಯಲ್ಲಿ ಭದ್ರ. ಎಲ್ಲ ಮುಗಿದ ಮೇಲೆ ಗಂಟು ಬಿಚ್ಚಿ ಮಾಲೆಯನ್ನು ಪಡೆದುಕೊಳ್ಳುವುದು. 1963ರಲ್ಲಿ ಅವನೊಬ್ಬನೇ ಬರೆದ ಪ್ರಬಂಧದಲ್ಲಿ ಇದ್ದದ್ದು ನಾಲ್ಕೇ ನಾಲ್ಕು ಅಮೈನೋ ಆಮ್ಲಗಳ ಒಂದು ಚಿಕ್ಕ ಮಾಲೆ. ಎರಡು ವರ್ಷಗಳ ಬಳಿಕ ತನ್ನ ಮನೆಯ ನೆಲಮಾಳಿಗೆಯಲ್ಲಿಯೇ, ಜಾನ್ ಸ್ಟೂವರ್ಟ್ ಎಂಬ ಸಹೋದ್ಯೋಗಿಯ ನೆರವಿನಿಂದ, ಈ ಕೆಲಸವನ್ನು ತಾನೇ ತಾನಾಗಿ ಮಾಡುವ ಯಂತ್ರವನ್ನು ಕಟ್ಟಿದನು. 1969ರಲ್ಲಿ ಗುಟೆ ಎಂಬಾತನೊಡನೆ 124 ಅಮೈನೋ ಆಮ್ಲಗಳ ರೈಬೊನ್ಯೂಕ್ಲಿಯೇಸ್ ಎಂಬ ಕಿಣ್ವವನ್ನೇ ಪೋಣಿಸಿ ಮುಗಿಸಿದನು. 369 ರಾಸಾಯನಿಕ ಕ್ರಿಯೆಗಳು, 11,931 ಹೆಜ್ಜೆಗಳು. ಕಿಣ್ವವೂ ಒಂದು ವೇಗವರ್ಧಕವೇ ಎಂಬುದು ಇಲ್ಲಿ ನೆನಪಿನಲ್ಲಿಡತಕ್ಕ ಮಾತು. 1984ರಲ್ಲಿ ನೊಬೆಲ್ ಪಾರಿತೋಷಕ ಅವನನ್ನು ಅರಸಿ ಬಂದಿತು.

ಮೆರಿಫೀಲ್ಡನು ಮಣಿಗೆ ಕಟ್ಟಿದ್ದು ತಯಾರಾಗುವ ಪದಾರ್ಥವನ್ನು. ಅದನ್ನು ತಿರುವುಮುರುವು ಮಾಡಿ, ಪದಾರ್ಥವನ್ನು ಹರಿಯಬಿಟ್ಟು ವೇಗವರ್ಧಕವನ್ನೇ ಮಣಿಗೆ ಕಟ್ಟಿದರೆ ಹೇಗೆ ಎಂಬ ಆಲೋಚನೆ 1960ರ ದಶಕದ ಕೊನೆಗೆ ಹಲವು ಕಡೆ ಮೂಡಿತು. ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿದ್ದ ತರುಣ ರಾಬರ್ಟ್ ಗ್ರಬ್ಸ್ ತನ್ನ ಸಂಗಡಿಗ ಕ್ರೋಲ್ ಎಂಬವನೊಡನೆ 1971ರಲ್ಲಿ ರೋಡಿಯಂ ಲೋಹದ ಸಂಕೀರ್ಣವೊಂದನ್ನು ಪಾಲಿಸ್ಟೈರೀನ್ ಮಣಿಗೆ ಬಿಗಿದು, ಅದರಿಂದ ಆಲಿಫಿನ್‌ಗಳಿಗೆ ಜಲಜನಕವನ್ನು ಕೂಡಿಸಿ ತೋರಿಸಿದನು. ಕ್ರಿಯೆ ಮುಗಿಯಿತು, ಮಣಿಗಳನ್ನು ಸೋಸಿ ತೆಗೆದಾಯಿತು, ಮತ್ತೆ ಬಳಸಿಯಾಯಿತು. ಇದರಲ್ಲಿ ಯಾರೂ ಬಯಸದ ಒಂದು ಗುಣವೂ ಕಂಡುಬಂದಿತು. ಸಣ್ಣ ಗಾತ್ರದ ಆಲಿಫಿನ್‌ಗಳು ಬೇಗನೆಯೂ, ದೊಡ್ಡ ಉಂಗುರದಂತಿರುವುವು ನಿಧಾನವಾಗಿಯೂ, ಕೊಲೆಸ್ಟೀನ್‌ನಂತಹ ಸ್ಥೂಲಕಾಯದವು ಇನ್ನೂ ನಿಧಾನವಾಗಿಯೂ ಕ್ರಿಯೆಗೊಂಡವು. ವೇಗವರ್ಧಕ ಕುಳಿತಿರುವುದು ಮಣಿಯ ಒಳಗೆ. ಬಲೆಯ ಕಣ್ಣುಗಳಲ್ಲಿ ನುಸುಳಬಲ್ಲವನಿಗೆ ಮೊದಲ ದರ್ಶನ. ಹೊಲಿಗೆ ಹೆಚ್ಚು ಬಿಗಿಯಾದರೆ ಮಣಿ ಗಟ್ಟಿ, ಒಳದಾರಿ ಇಕ್ಕಟ್ಟು. ಸಡಿಲವಾದರೆ ದಾರಿ ಸಲೀಸು, ಮಣಿ ಕಲಕುವ ಕೋಲಿಗೆ ಸಿಕ್ಕಿ ಒಡೆಯುತ್ತದೆ. ಈ ಗ್ರಬ್ಸನೇ ಮುಂದೆ ಬೇರೊಂದು ಸಂಶೋಧನೆಗಾಗಿ 2005ರಲ್ಲಿ ನೊಬೆಲ್ ಪಡೆದು, 2021ರಲ್ಲಿ ದಿವಂಗತನಾದನು.

ಕಾರ್ಖಾನೆಗಳಲ್ಲಿ ಈ ಮಣಿಗಳು ಎಷ್ಟರಮಟ್ಟಿಗೆ ದುಡಿದಿವೆ ಎಂಬುದಕ್ಕೆ ಒಂದೇ ನಿದರ್ಶನ ಸಾಕು. ಅದು ಕಣ್ಣು ತೆರೆಸುವ ನಿದರ್ಶನವೂ ಹೌದು. ಪೆಟ್ರೋಲಿಗೆ ಸೀಸ ಬೆರೆಸುವ ಪದ್ಧತಿ ಹಿಂದೆ ಸರಿಯತೊಡಗಿದಾಗ ಅದರ ಸ್ಥಾನದಲ್ಲಿ ಎಂಟಿಬಿಇ ಎಂಬ ಈಥರನ್ನು ಬೆರೆಸತೊಡಗಿದರು. ಮಿಥನಾಲನ್ನೂ ಐಸೊಬ್ಯುಟಿಲೀನನ್ನೂ ಆಮ್ಲದ ಮಣಿಗಳ ಹಾಸಿನ ಮೂಲಕ ಹರಿಯಿಸಿದರೆ ಅತ್ತಲಿಂದ ಈಥರ್ ಹೊರಬರುತ್ತದೆ. ಸೋಸುವ ತೊಂದರೆಯೂ ಇಲ್ಲ, ತೊಳೆಯುವ ಸೋಡಾವೂ ಬೇಡ. 1973ರಲ್ಲಿ ಇಟಲಿಯಲ್ಲಿ ಮೊದಲ ಕಾರ್ಖಾನೆ ನಡೆಯಿತು. ಮುಂದೆ ಲೋಕವೆಲ್ಲ ಹರಡಿತು. ತಯಾರಿಸುವ ವಿಧಾನ ಇಷ್ಟು ಶುಚಿಯಾಗಿದ್ದರೂ ತಯಾರಾದ ವಸ್ತು ಶುಚಿಯಾಗಿರಲಿಲ್ಲ. ನೆಲದಡಿಯ ತೊಟ್ಟಿಗಳಿಂದ ಜಿನುಗಿ ಅಂತರ್ಜಲದಲ್ಲಿ ಬೆರೆಯಿತು. 1996ರಲ್ಲಿ ಕ್ಯಾಲಿಫೋರ್ನಿಯದ ಸಾಂಟಾ ಮೊನಿಕಾ ನಗರ ತನ್ನ ಕುಡಿಯುವ ನೀರಿನ ಬಾವಿಗಳನ್ನು ಮುಚ್ಚಬೇಕಾಯಿತು. 2004ರ ಮೊದಲ ದಿನದಿಂದ ಆ ಸಂಸ್ಥಾನದಲ್ಲಿ ಅದರ ಬಳಕೆ ನಿಷಿದ್ಧವಾಯಿತು. ಮಣಿಯ ತಪ್ಪು ಇದರಲ್ಲಿ ಏನೂ ಇಲ್ಲ. ‘ಹಸಿರು’ ಎಂಬ ವಿಶೇಷಣವನ್ನು ಈಚೆಗೆ ಎಲ್ಲದಕ್ಕೂ ಅಂಟಿಸುವವರು ಅದು ಯಾವ ನಾಮಪದಕ್ಕೆ ಅನ್ವಯಿಸುತ್ತದೆಂದು ಅನ್ವಯಮಾಡಿ ನೋಡುವುದಿಲ್ಲವಲ್ಲ ಎಂಬುದು ನನ್ನ ವ್ಯಾಕರಣದ ಕೊರಗು.

ವಸ್ತು ವಿಷವಾದಾಗ ಮಣಿಯ ಉಪಕಾರ ಇನ್ನೊಂದು ತೆರನಾದುದು. ಆಸ್ಮಿಯಂ ಟೆಟ್ರಾಕ್ಸೈಡ್ ಆಲಿಫಿನ್‌ಗಳಿಗೆ ಎರಡು ಹೈಡ್ರಾಕ್ಸಿಲ್ ಗುಂಪುಗಳನ್ನು ಒಮ್ಮೆಗೇ ಕೂಡಿಸುವ ಅಪೂರ್ವ ವೇಗವರ್ಧಕ. ಆದರೆ ಅದು ಕೋಣೆಯ ಉಷ್ಣತೆಯಲ್ಲಿಯೇ ಆವಿಯಾಗುತ್ತದೆ, ಆವಿ ಕಣ್ಣುಗಳನ್ನು ಘಾತಿಸುತ್ತದೆ, ಬೆಲೆಯೂ ದುಬಾರಿ. ಜಪಾನಿನ ಶು ಕೊಬಾಯಾಶಿ ಮತ್ತು ಸಂಗಡಿಗರು 1998ರಲ್ಲಿ ಅದನ್ನು ಪಾಲಿಸ್ಟೈರೀನಿನ ಕವಚದೊಳಗೆ ಹುದುಗಿಸಿದರು. ಇಲ್ಲಿ ಕಟ್ಟುವ ಹಗ್ಗವೇ ಇಲ್ಲ, ಸುತ್ತುವ ಹೊದಿಕೆ. ಸ್ಕ್ಯಾಂಡಿಯಂ ಲವಣಕ್ಕೂ ಅದೇ ವರ್ಷ ಅವರು ಇದೇ ಉಪಚಾರವನ್ನು ಮಾಡಿದ್ದರು. ಪಾಲಿಸ್ಟೈರೀನನ್ನು ಬೆಚ್ಚಗಿನ ಸೈಕ್ಲೊಹೆಕ್ಸೇನಿನಲ್ಲಿ ಕರಗಿಸಿ, ಲವಣದ ಪುಡಿಯನ್ನು ಬೆರೆಸಿ, ಮೆಲ್ಲನೆ ತಣಿಸಿದರೆ ಪಾಲಿಮರು ಲವಣದ ಕಣಕಣವನ್ನೂ ಸುತ್ತಿಕೊಳ್ಳುತ್ತದೆ. ನಮ್ಮ ಹೆಂಗಸರು ಎಳ್ಳಿಗೆ ಸಕ್ಕರೆಯ ಪಾಕವನ್ನು ಏರಿಸಿ ಕುಸುರೆಳ್ಳು ಮಾಡುವ ಕೌಶಲ ಇದೇ ಜಾತಿಯದೆನ್ನಬೇಕು.

ಇಷ್ಟು ಹೊತ್ತು ಹೊಗಳಿದ್ದಾಯಿತು. ಇನ್ನು ಈ ವಿದ್ಯೆಯ ಸಂಕಟವನ್ನು ಹೇಳಬೇಕು. ನಾನು ಬರೆಯಲು ಕುಳಿತದ್ದು ವಾಸ್ತವವಾಗಿ ಅದಕ್ಕಾಗಿಯೇ. ಕಟ್ಟಿದ್ದು ಕಟ್ಟಿದಂತೆಯೇ ಉಳಿಯುತ್ತದೆಯೆ? ನನ್ನ ಬಳಿ ಹಳಗನ್ನಡ ಕಲಿತು ಈಗ ಔಷಧ ತಯಾರಿಕೆಯಲ್ಲಿರುವ ಶಿಷ್ಯನೊಬ್ಬನು ಊರಿಗೆ ಬಂದಾಗ ಇದನ್ನು ವಿವರಿಸಿದನು. ಅವರು ಮಣಿಗೆ ಕಟ್ಟಿದ ಪೆಲಾಡಿಯಂನಿಂದ ಕಾರ್ಬನ್‌ಗೆ ಕಾರ್ಬನ್ ಬೆಸೆಯುವ ಒಂದು ಕ್ರಿಯೆಯನ್ನು ನಡೆಸಿದರಂತೆ. ಇಂತಹ ಕ್ರಿಯೆಗಳಿಗಾಗಿಯೇ ಹೆಕ್, ನೆಗಿಶಿ, ಸುಜುಕಿ ಎಂಬ ಮೂವರಿಗೆ 2010ರ ನೊಬೆಲ್ ದೊರೆತದ್ದು. ಪಾತ್ರೆಯನ್ನು ಆರಿಸಿ ಸೋಸಿದರು. ಸೋಸಿದ ದ್ರವ ತಿಳಿಯಾಗಿತ್ತು, ಮಣಿಗಳಲ್ಲಿ ಲೋಹವಿತ್ತು, ಮರುದಿನ ಅದೇ ಮಣಿಗಳು ಮತ್ತೆ ದುಡಿದವು. ಎಲ್ಲರೂ ಸಂತೋಷಪಟ್ಟರು. ಆದರೆ ಹಿರಿಯರೊಬ್ಬರು, ಬಿಸಿಯಿರುವಾಗಲೇ ಅರ್ಧದಲ್ಲಿ ಸೋಸಿ ನೋಡಿರಿ ಎಂದರು. ಹಾಗೆ ಸೋಸಿ, ಮಣಿಯಿಲ್ಲದ ದ್ರವವನ್ನು ಒಲೆಯ ಮೇಲಿಟ್ಟರೆ ಕ್ರಿಯೆ ನಿಲ್ಲದೆ ಮುಂದುವರಿಯಿತು!

ಇದರ ಮರ್ಮವನ್ನು ವಾಚಕರು ಊಹಿಸಿರಬಹುದು. ಕುದಿಯುವಾಗ ಲೋಹ ಮಣಿಯನ್ನು ಬಿಟ್ಟು ದ್ರವಕ್ಕಿಳಿದು, ಅಲ್ಲಿ ಕೆಲಸವನ್ನೆಲ್ಲ ಮಾಡಿ, ಆರುವಾಗ ಮರಳಿ ಮಣಿಯನ್ನು ಸೇರುತ್ತಿತ್ತು. ಹಗಲೆಲ್ಲ ಹೊರಗೆ ಅಲೆದು ಹಾಜರಿ ಹೇಳುವ ಹೊತ್ತಿಗೆ ಬಂದು ಕೂರುವ ಹುಡುಗನಂತೆ. ತಣ್ಣಗೆ ಸೋಸಿದವನಿಗೆ ಈ ಅಲೆದಾಟ ಕಾಣದು. ಬಿಸಿಯಾಗಿ ಸೋಸುವ ಈ ಪರೀಕ್ಷೆಯನ್ನು ನಾನು ಹಿಂದೆ ಹೆಸರಿಸಿದ ಶೆಲ್ಡನ್ ಮತ್ತು ಅವನ ಸಂಗಡಿಗರು 1990ರ ದಶಕದಲ್ಲಿ ಒತ್ತಿ ಹೇಳಿದರು. ಮಣಿಗೆ ಕಟ್ಟಿದ ಪೆಲಾಡಿಯಂ ಸಂಕೀರ್ಣಗಳು ಹಲವು ಸಂದರ್ಭಗಳಲ್ಲಿ ನಿಜವಾದ ಕರ್ತೃಗಳಲ್ಲ, ಜಿನುಗಿದ ಲೋಹದ ಉಗ್ರಾಣಗಳು ಮಾತ್ರ ಎಂಬುದು ಅನಂತರದ ಸಂಶೋಧನೆಗಳಿಂದ ಸ್ಪಷ್ಟವಾಗಿದೆ. ಉಳಿಯುವುದು ಬೇರೆ, ದೊರೆಯುವುದು ಬೇರೆ ಎಂದೆನಷ್ಟೆ. ಈಗ ಮೂರನೆಯ ಪ್ರಶ್ನೆಯೊಂದು ಎದ್ದಿತು. ದೊರೆತದ್ದು ದುಡಿದದ್ದೇ ಹೌದೆ?

ಇದು ಬರಿಯ ಪಾಂಡಿತ್ಯದ ಜಗಳವಲ್ಲ. ಮರಳಿ ಬಾರದ ಲೋಹದ ಅಲ್ಪಾಂಶ ಎಲ್ಲಿಗೆ ಹೋಗುತ್ತದೆ? ಔಷಧಕ್ಕೆ. ಔಷಧ ಯಾರದೋ ಮುದುಕರ, ಮಕ್ಕಳ ಹೊಟ್ಟೆಗೆ. ಔಷಧಗಳಲ್ಲಿ ಉಳಿಯುವ ಲೋಹಗಳನ್ನು ಕುರಿತು 2014ರಲ್ಲಿ ಸಿದ್ಧವಾದ ಅಂತರರಾಷ್ಟ್ರೀಯ ಮಾರ್ಗಸೂಚಿ, ಬಾಯಿಯಿಂದ ಸೇವಿಸುವ ಔಷಧದಲ್ಲಿ ಪೆಲಾಡಿಯಂ ದಿನವೊಂದಕ್ಕೆ 100 ಮೈಕ್ರೊಗ್ರಾಂ ಮೀರಕೂಡದೆಂದು ವಿಧಿಸಿದೆ. ನೂರು ಮೈಕ್ರೊಗ್ರಾಂ ಎಂದರೆ ಒಂದು ಗ್ರಾಮಿನ ಹತ್ತು ಸಾವಿರದಲ್ಲಿ ಒಂದು ಪಾಲು. ಸೋಸಿದ ದ್ರವ ಕಣ್ಣಿಗೆ ತಿಳಿಯಾಗಿದೆ ಎಂಬ ಪ್ರಮಾಣ ಇಲ್ಲಿ ನಿಲ್ಲುವುದಿಲ್ಲ. ಪ್ರತ್ಯಕ್ಷವೂ ಒಮ್ಮೊಮ್ಮೆ ಭ್ರಮೆಯೇ.

ಲೆಕ್ಕದ ಮಾತನ್ನೂ ಹೇಳಿಬಿಡುತ್ತೇನೆ. ಪ್ರತಿ ಸಲವೂ ನೂರಕ್ಕೆ 99 ಪಾಲು ವೇಗವರ್ಧಕ ಮರಳಿ ಬಂದರೆ, ಹತ್ತು ಬಳಕೆಗಳ ಬಳಿಕ ಸುಮಾರು 90 ಪಾಲು ಉಳಿದಿರುತ್ತದೆ. 95 ಪಾಲು ಮರಳಿದರೆ ಉಳಿಯುವುದು 60. 90 ಮಾತ್ರ ಮರಳಿದರೆ 35. ‘ನೂರಕ್ಕೆ ತೊಂಬತ್ತು’ ಎಂಬ ಅಂಕ ಪರೀಕ್ಷೆಯಲ್ಲಿ ಪ್ರಥಮ ದರ್ಜೆ; ಮಣಿಗಳಲ್ಲಿ ಅದು ದಿವಾಳಿ. ಇನ್ನೊಂದು ಸೂಕ್ಷ್ಮವನ್ನು ಶಿಷ್ಯನೇ ಹೇಳಿದನು. “ಐದು ಸಲ ಬಳಸಿದರೂ ಇಳುವರಿ ಕುಗ್ಗಲಿಲ್ಲ” ಎಂದು ಹಲವು ಪ್ರಬಂಧಗಳು ಸಾರುತ್ತವೆ. ಒಂದು ಗಂಟೆಯಲ್ಲಿ ಮುಗಿಯುವ ಕ್ರಿಯೆಯನ್ನು ಆರು ಗಂಟೆ ನಡೆಸಿದರೆ, ಅರ್ಧಕ್ಕರ್ಧ ಮಣಿಗಳು ಸತ್ತಿದ್ದರೂ ಇಳುವರಿ ಪೂರ್ಣವಾಗಿಯೇ ಬರುತ್ತದೆ. ಅಳೆಯಬೇಕಾದುದು ಕೊನೆಯ ಇಳುವರಿಯನ್ನಲ್ಲ, ನಡುವಿನ ವೇಗವನ್ನು. ಹೆಸರೇ ವೇಗವರ್ಧಕವಾಗಿರುವಾಗ ವೇಗವನ್ನು ಅಳೆಯದೆ ಬಿಡುವುದು ಎಂತಹ ವಿಪರ್ಯಾಸ! ನಮ್ಮ ಪಾರಿಭಾಷಿಕ ಶಬ್ದವನ್ನು ನಾನು ಹಿಂದೆ ಸ್ವಲ್ಪ ಹಗುರವಾಗಿ ಕಂಡೆನಾದರೂ ಈ ಒಂದು ವಿಷಯದಲ್ಲಿ ಅದು ಗ್ರೀಕ್ ಶಬ್ದಕ್ಕಿಂತ ಉಪಕಾರಿ ಎನ್ನಬೇಕು. ಲೋಹವು ಮಣಿಯಿಂದ ದ್ರವಕ್ಕೆ ಇಳಿಯುವುದಕ್ಕೆ ಕನ್ನಡದಲ್ಲಿ ಯಾವ ಶಬ್ದವೆಂದು ವಿಜ್ಞಾನದ ಉಪಾಧ್ಯಾಯರು ಕೇಳಿದರು. ‘ನಿಕ್ಷಾಲನ’ವೆಂಬುದು ಕೋಶದಲ್ಲಿದೆ, ಮಕ್ಕಳ ನಾಲಗೆಗೆ ಬಾರದು, ‘ಸೋರಿಕೆ’ ಎಂದರೆ ಮಡಕೆ ಒಡೆದಂತಾಗುತ್ತದೆ. ನಾನು ‘ಒಸರು’ ಎಂದು ಬರೆದುಕೊಟ್ಟೆ. ಬಂಡೆಯಿಂದ ನೀರು ಒಸರುವುದು ಕಣ್ಣಿಗೆ ತೋರುವ ಮೊದಲೇ ಕೈಗೆ ತಿಳಿಯುತ್ತದೆ.

ಮಣಿಯ ಇಕ್ಕಟ್ಟನ್ನೇ ಬೇಡವೆಂದು ಬೇರೆ ದಾರಿ ಹಿಡಿದವರೂ ಉಂಟು. ಟೆಕ್ಸಾಸಿನ ಡೇವಿಡ್ ಬರ್ಗ್‌ಬ್ರೈಟರ್ ವೇಗವರ್ಧಕವನ್ನು ಕರಗುವ ಪಾಲಿಮರಿಗೆ ಕಟ್ಟಿದನು. ಪಾಲಿಎಥಿಲೀನ್ ಸರಪಣಿಯು ಬಿಸಿ ದ್ರಾವಕದಲ್ಲಿ ಕರಗುತ್ತದೆ, ತಣಿದಾಗ ಗರಣೆಗಟ್ಟಿ ಕೆಳಗಿಳಿಯುತ್ತದೆ. ದುಡಿಯುವಾಗ ದ್ರವ, ದೊರೆಯುವಾಗ ಘನ. ಪಾಲಿ-ಐಸೊಪ್ರೊಪೈಲ್ ಅಕ್ರಿಲಮೈಡ್ ಎಂಬುದರ ನಡವಳಿಕೆ ಇದಕ್ಕೆ ತೀರ ವಿರುದ್ಧ: ತಣ್ಣೀರಿನಲ್ಲಿ ಕರಗಿದ್ದು, ಸುಮಾರು 32 ಡಿಗ್ರಿ ದಾಟುತ್ತಲೇ ಬಿಳುಪಾಗಿ ಬೇರ್ಪಡುತ್ತದೆ. ನಮ್ಮ ಬೇಸಗೆಯಲ್ಲಿ ಅದಕ್ಕೆ ಒಲೆಯೇ ಬೇಡ.

ಇವೆಲ್ಲ ದೂರದ ಮಾತಾದುವೆಂದು ವಿಜ್ಞಾನದ ಉಪಾಧ್ಯಾಯರು ಶಾಲೆಯಲ್ಲಿಯೇ ಒಂದು ಪ್ರಯೋಗವನ್ನು ಏರ್ಪಡಿಸಿದರು. ಸಕ್ಕರೆಯ ದ್ರಾವಣಕ್ಕೆ ಆಮ್ಲ ಹಾಕಿ ಕಾಯಿಸಿದರೆ ಅದು ಗ್ಲೂಕೋಸು, ಫ್ರಕ್ಟೋಸುಗಳಾಗಿ ಒಡೆಯುತ್ತದೆ. ಜರ್ಮನಿಯ ವಿಲ್ಹೆಲ್ಮಿ ಎಂಬಾತನು 1850ರಲ್ಲಿ ಇದರ ವೇಗವನ್ನು ಅಳೆದದ್ದೇ ಕ್ರಿಯೆಗಳ ವೇಗವನ್ನು ಕುರಿತ ಶಾಸ್ತ್ರದ ಮೊದಲ ಪಾಠವೆನ್ನುತ್ತಾರೆ. ನಮ್ಮವರು ಆಮ್ಲದ ಬದಲು ಮಣಿಗಳನ್ನು ತೆಗೆದುಕೊಂಡರು. ನೀರು ಮೃದುಗೊಳಿಸುವ ಒಂದು ಹಿಡಿ ಕಾಳನ್ನು ಸಾರರಿಕ್ತ ಹೈಡ್ರೊಕ್ಲೋರಿಕ್ ಆಮ್ಲದಲ್ಲಿ ನೆನೆಸಿ, ಲಿಟ್ಮಸ್ ಕಾಗದ ಬಣ್ಣ ಬದಲಿಸದವರೆಗೆ ಭಟ್ಟಿಯ ನೀರಿನಿಂದ ತೊಳೆದರು. ಸಕ್ಕರೆಯ ದ್ರಾವಣದಲ್ಲಿ ಅವನ್ನು ಹಾಕಿ, ಬಿಸಿನೀರಿನ ಪಾತ್ರೆಯಲ್ಲಿಟ್ಟು, ಆಗಾಗ ಒಂದೆರಡು ತೊಟ್ಟು ತೆಗೆದು ಫೆಹ್ಲಿಂಗ್ ದ್ರಾವಣದೊಡನೆ ಕಾಯಿಸಿದರು. ಮೊದಲು ನೀಲಿ, ಸ್ವಲ್ಪ ಹೊತ್ತಿನಲ್ಲಿ ಹಸಿರು ಛಾಯೆ, ಆಮೇಲೆ ಇಟ್ಟಿಗೆಯ ಕೆಂಪು. ಅನಂತರ ಒಸರಿನ ಪರೀಕ್ಷೆ. ತೊಳೆದ ಮಣಿಗಳನ್ನು ಬರಿಯ ಭಟ್ಟಿನೀರಿನಲ್ಲಿ ಅರ್ಧ ಗಂಟೆ ಕಾಯಿಸಿ, ಬಿಸಿಯಲ್ಲಿಯೇ ಸೋಸಿ, ಆ ನೀರಿಗೆ ಸಕ್ಕರೆ ಹಾಕಿ ಕಾಯಿಸಿದರು. ಫೆಹ್ಲಿಂಗ್ ನೀಲಿಯಾಗಿಯೇ ಉಳಿಯಿತು. ಆಮ್ಲ ಮಣಿಯನ್ನು ಬಿಟ್ಟಿರಲಿಲ್ಲ.

ಒಂಬತ್ತನೆಯ ತರಗತಿಯ ಹುಡುಗರು ಈ ಆಟಕ್ಕೆ ಮನಸೋತು ವಾರಗಟ್ಟಲೆ ಅದೇ ಮಣಿಗಳನ್ನು ಬಳಸಿದರು. ಆರನೆಯದೋ ಏಳನೆಯದೋ ಸಲ ಎಷ್ಟು ಕಾಯಿಸಿದರೂ ಕೆಂಪು ಬಾರದು. ಮಣಿಗಳು ಸತ್ತವೆಂದು ಹುಡುಗರು ಮುಖ ಸಣ್ಣಗೆ ಮಾಡಿದರು. ವಿಚಾರಿಸಿದಾಗ ತಿಳಿಯಿತು: ಭಟ್ಟಿನೀರು ಮುಗಿದಿದ್ದರಿಂದ ಹಿಂದಿನ ದಿನ ಕೊಳವೆಬಾವಿಯ ನಲ್ಲಿಯಡಿಯಲ್ಲಿ ಚೆನ್ನಾಗಿ ತೊಳೆದಿದ್ದರಂತೆ. ಗಡಸುನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂಗಳು ಮಣಿಯೊಳಗೆ ನುಗ್ಗಿ ಜಲಜನಕವನ್ನು ಹೊರಗೋಡಿಸಿ ಆ ಸ್ಥಾನಗಳಲ್ಲಿ ಕುಳಿತುಬಿಟ್ಟಿದ್ದವು. ನೀರು ಮೃದುಗೊಳಿಸುವ ತಮ್ಮ ಹುಟ್ಟುಗುಣವನ್ನು ಮಣಿಗಳು ಅಲ್ಲಿಯೂ ಬಿಟ್ಟಿರಲಿಲ್ಲ. ಮತ್ತೆ ಆಮ್ಲದಲ್ಲಿ ನೆನೆಸಿ, ಭಟ್ಟಿನೀರಿನಲ್ಲಿ ತೊಳೆದ ಮೇಲೆ ಹಿಂದಿನಂತೆಯೇ ಕೆಂಪು ಬಂದಿತು. ಈಗ ಆ ಮಣಿಗಳು ಪ್ರಯೋಗಶಾಲೆಯ ಕಪಾಟಿನಲ್ಲಿ ಅಗಲಬಾಯಿಯ ಸೀಸೆಯೊಂದರಲ್ಲಿವೆ. ತಳದಲ್ಲಿ ಒಡೆದ ಮಣಿಗಳ ಪುಡಿ ಸ್ವಲ್ಪ ಕಾಣುತ್ತದೆ. ಸೀಸೆಯ ಮೇಲಿನ ಚೀಟಿಯಲ್ಲಿ ಬಳಕೆಗೊಂದರಂತೆ ಗೀಟು ಎಳೆದು, ಪ್ರತಿ ಗೀಟಿನ ಪಕ್ಕದಲ್ಲಿ ಕೆಂಪು ಬರಲು ಹಿಡಿದ ನಿಮಿಷಗಳನ್ನು ಗುರುತು ಹಾಕಿದ್ದಾರೆ, ಅದರ ಕೆಳಗೆ ದಪ್ಪ ಅಕ್ಷರಗಳಲ್ಲಿ, “ನಲ್ಲಿಯ ನೀರು ತಾಗಿಸಬಾರದು.”